ಕೇಳಿಸಿಕೊಳ್ಳುವವರ ಕರುಣೆ: ನರವೈವಿಧ್ಯವುಳ್ಳವರು ಮತ್ತು ಅವರ ನೆರವಿಗೆ ನಿಂತವರು

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಮೊದಲಿಗೆ ಇಲ್ಲಿ ಹೇಳಿಕೊಳ್ಳಬೇಕಾಗಿದೆ. ನಾಡಗೀತೆ ಮುಗಿದು ಸಮೂಹ ನೃತ್ಯ ಆರಂಭವಾಗುತ್ತಿದ್ದಂತೆಯೇ ಧ್ವನಿವರ್ಧಕದ ಸದ್ದು ಒಮ್ಮೆಲೇ ಏರಿತು. ಮೂರನೆಯ ಸಾಲಿನಲ್ಲಿ ತಾಯಿಯೊಡನೆ ಕುಳಿತಿದ್ದ ಎಂಟೊಂಬತ್ತು ವರ್ಷದ ಬಾಲಕನೊಬ್ಬ ಎರಡೂ ಕಿವಿಗಳನ್ನು ಮುಚ್ಚಿಕೊಂಡು, ಕಿರುಚುತ್ತ, ಕುರ್ಚಿಗಳ ಕೆಳಗೆ ನುಸುಳಿದ. ಹಿಂದಿನ ಸಾಲಿನ ಹಿರಿಯರೊಬ್ಬರು, “ಇಷ್ಟು ದೊಡ್ಡವನಾಗಿದ್ದಾನೆ, ಸ್ವಲ್ಪ ಶಿಸ್ತು ಕಲಿಸಬಾರದೇನಮ್ಮಾ?” ಎಂದರು. ಆ ತಾಯಿ ಉತ್ತರ ಕೊಡಲಿಲ್ಲ. ಮಗನನ್ನು ಹೇಗೋ ಹೊರಗೆಳೆದು, ಅವನ ಒಂದು ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು. ವೇದಿಕೆಯ ಪಕ್ಕದಲ್ಲಿಯೇ ನಿಂತಿದ್ದ ನಾವು ಧ್ವನಿಯನ್ನು ತಗ್ಗಿಸಲೂ ಇಲ್ಲ, ಬಾಗಿಲವರೆಗೆ ಹೋಗಿ ವಿಚಾರಿಸಲೂ ಇಲ್ಲ. ಸಮಾರಂಭವು ಯಶಸ್ವಿಯಾಗಿ ನೆರವೇರಿತೆಂದು ವರದಿ ಬರೆದೆವು. ಆ ಕುಟುಂಬ ಮುಂದಿನ ನಾಲ್ಕು ವರ್ಷ ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಅವರು ಮರಳಿ ಬಂದಾಗ, ಊಟದ ಪಂಕ್ತಿಗೆ ಕಾಯುತ್ತ ಕುಳಿತಿದ್ದ ವೇಳೆಯಲ್ಲಿ, ಆ ತಾಯಿ ತಾವಾಗಿಯೇ ಕೆಲವು ಸಂಗತಿಗಳನ್ನು ಹೇಳಿದರು. ಹುಡುಗನಿಗೆ ಆಟಿಸಂ ಇದೆಯೆಂದು ಐದನೆಯ ವಯಸ್ಸಿನಲ್ಲಿಯೇ ತಿಳಿದಿತ್ತು. ಅನೇಕ ವೈದ್ಯರನ್ನೂ ಚಿಕಿತ್ಸಾಲಯಗಳನ್ನೂ ಸುತ್ತಿದ್ದರು. ಎಲ್ಲರೂ ಹುಡುಗನಲ್ಲಿ ಏನು ಕೊರತೆ, ಎಷ್ಟು ಕೊರತೆ ಎಂದೇ ಕೇಳಿದರು. ಒಬ್ಬ ಚಿಕಿತ್ಸಕಿ ಮಾತ್ರ ಮೊದಲ ದಿನ ಕಡತವನ್ನು ಬದಿಗಿರಿಸಿ, “ನೀವು ಕಡೆಯ ಸಲ ರಾತ್ರಿಯಿಡೀ ನಿದ್ದೆ ಮಾಡಿದ್ದು ಯಾವಾಗ?” ಎಂದು ವಿಚಾರಿಸಿದರಂತೆ. “ಅದಕ್ಕೆ ಉತ್ತರ ಹೇಳುವ ಮೊದಲು ನಾನು ಅರ್ಧ ಗಂಟೆ ಅತ್ತೆ. ಅವರು ಅಳಲು ಬಿಟ್ಟರು. ಅಷ್ಟು ಹೊತ್ತು ಮಗ ಅವರ ಮೇಜಿನ ಕೆಳಗೆ ಕೂತಿದ್ದ. ಅವನನ್ನೂ ಎಬ್ಬಿಸಲಿಲ್ಲ,” ಎಂದರು ಆ ತಾಯಿ.

ಈ ಲೇಖನವನ್ನು ಬರೆಯಲು ಪ್ರೇರಣೆಯಾದದ್ದು ಅವರ ಆ ಮಾತು. ಮೇಜಿನ ಕೆಳಗೆ ಕುಳಿತ ಮಗುವನ್ನು ಎಬ್ಬಿಸದೆ ಇರುವುದು ಒಂದು ವೃತ್ತಿಯ ವಿದ್ಯೆಯ ಭಾಗವಾಗಿರಬಹುದೆಂದು ನಮಗೆ ತಿಳಿದಿರಲಿಲ್ಲ. ಆ ವಿದ್ಯೆ ಎಂಥದು, ಅದು ಬೆಳೆದು ಬಂದದ್ದು ಹೇಗೆ, ಅದನ್ನು ನಡೆಸುವವರ ಮನಸ್ಸಿನ ಮೇಲೆ ಅದರ ಭಾರ ಎಷ್ಟು ಎಂಬುದನ್ನು ನಮಗೆ ತಿಳಿದುಬಂದ ಮಟ್ಟಿಗೆ ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲು ಪದಗಳ ವಿಚಾರ. ಆಟಿಸಂ, ಎ.ಡಿ.ಎಚ್.ಡಿ. ಎಂದು ಕರೆಯುವ ಅವಧಾನದ ಹಾಗೂ ಚಟುವಟಿಕೆಯ ಭಿನ್ನತೆ, ಓದುಬರಹದಲ್ಲಿ ತೊಡಕುಂಟುಮಾಡುವ ಡಿಸ್ಲೆಕ್ಸಿಯಾ ಮೊದಲಾದವುಗಳನ್ನು ಒಟ್ಟಾಗಿ ಸೂಚಿಸಲು ಇತ್ತೀಚೆಗೆ ‘ನ್ಯೂರೋಡೈವರ್ಸಿಟಿ’ ಎಂಬ ಮಾತು ಬಳಕೆಗೆ ಬಂದಿದೆ. ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದು. ಮನುಷ್ಯರ ಮಿದುಳುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಂಡವಲ್ಲ, ಭಿನ್ನವಾಗಿರುವುದೆಲ್ಲವೂ ಕೆಟ್ಟುಹೋದದ್ದಲ್ಲ ಎಂಬುದು ಇದರ ತಿರುಳು. 1990ರ ದಶಕದ ಕೊನೆಯ ವರ್ಷಗಳಲ್ಲಿ, ಆಟಿಸಂ ಇರುವವರೇ ಅಂತರ್ಜಾಲದಲ್ಲಿ ಕಟ್ಟಿಕೊಂಡ ಬಳಗಗಳಲ್ಲಿ ಈ ವಿಚಾರ ಮೂಡಿಬಂತು. ಅಂದರೆ ಇದು ವೈದ್ಯರು ಕೊಟ್ಟ ಹೆಸರಲ್ಲ. ಹೆಸರಿಡಿಸಿಕೊಂಡವರು ತಾವೇ ಆರಿಸಿಕೊಂಡ ಹೆಸರು. ಆಟಿಸಂಗೆ ನಮ್ಮಲ್ಲಿ ‘ಸ್ವಲೀನತೆ’ ಎಂಬ ಪದವಿದೆ. ಕೇಳಲು ಇಂಪಾದರೂ, ತನ್ನಲ್ಲಿಯೇ ಮುಳುಗಿರುವವನು, ಪರರ ಗೊಡವೆ ಬೇಡದವನು ಎಂಬ ತಪ್ಪರ್ಥವನ್ನು ಅದು ಹೊತ್ತು ತರುತ್ತದೆಂದು ನಮ್ಮ ಅನಿಸಿಕೆ. ಆದ್ದರಿಂದ ಇಲ್ಲಿ ಆಟಿಸಂ ಎಂದೇ ಬಳಸಿದ್ದೇವೆ.

ಇದರ ಇತಿಹಾಸದಲ್ಲಿ ತಾಯಂದಿರ ಕಣ್ಣೀರು ಬಹಳವಾಗಿ ಬೆರೆತಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವಿವರಿಸಿದರು. ಮುಂದಿನ ಎರಡು ದಶಕಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆ ಎಂಬ ವಾದ ಪ್ರಬಲವಾಯಿತು. ಅಂಥ ತಾಯಂದಿರನ್ನು ‘ರೆಫ್ರಿಜರೇಟರ್ ತಾಯಿ’ ಎಂದು ಕರೆಯುವಷ್ಟರ ಮಟ್ಟಿಗೆ ಅದು ಹೋಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ಇದನ್ನೇ ಪ್ರತಿಪಾದಿಸುವ ಗ್ರಂಥವೊಂದನ್ನು ಬರೆದು ಹೆಸರುವಾಸಿಯಾದರು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಆಟಿಸಂ ಇದ್ದ ಬಾಲಕನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಾಂಡ್ ಅವರು ಇದರ ಮೂಲ ಜೈವಿಕವಾದುದೇ ಹೊರತು ಸಾಕಣೆಯಲ್ಲಿಲ್ಲವೆಂದು ಆಧಾರಸಹಿತ ತೋರಿಸಿದ್ದರು. ಇಂದು ವೈದ್ಯಲೋಕದಲ್ಲಿ ತಾಯಿಯನ್ನು ದೂರುವ ವಾದಕ್ಕೆ ನೆಲೆಯಿಲ್ಲ. ಆದರೆ ನಮ್ಮ ಸಭಾಂಗಣದ ಮೂರನೆಯ ಸಾಲಿನಲ್ಲಿ ಅದಿನ್ನೂ ಜೀವಂತವಾಗಿತ್ತೆಂಬುದನ್ನು ಮೇಲೆಯೇ ಹೇಳಿದ್ದೇವೆ.

1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ, ಸ್ವತಃ ಆಟಿಸಂ ಉಳ್ಳ ವ್ಯಕ್ತಿ, ತಂದೆತಾಯಿಯರನ್ನು ಉದ್ದೇಶಿಸಿ ಒಂದು ಲೇಖನ ಬರೆದರು. ನೀವು ಬಯಸಿದ ಮಗು ಬರಲಿಲ್ಲವೆಂದು ದುಃಖವಾಗುವುದು ಸಹಜ. ಆ ದುಃಖವನ್ನು ಬಂದಿರುವ ಮಗುವಿನ ಮೇಲೆ ಹೊರಿಸಬೇಡಿ ಎಂಬುದು ಅದರ ಸಾರ. ಕರುಣೆಯುಳ್ಳ ಚಿಕಿತ್ಸೆ ಎಂದು ಇಂದು ಕರೆಯುವುದರ ಬೇರು ಇಲ್ಲಿಯೇ ಇದೆ ಎನ್ನಬಹುದು. ದುಃಖಪಡುವವರಿಗೂ ಸ್ಥಳವಿರಬೇಕು, ಮಗುವಿಗೂ ಸ್ಥಳವಿರಬೇಕು, ಆದರೆ ಒಂದರ ಸ್ಥಳವನ್ನು ಇನ್ನೊಂದು ಕಬಳಿಸಬಾರದು.

ಇನ್ನು ಚಿಕಿತ್ಸಕರ ಕೊಠಡಿಗೆ ಬರೋಣ. ಆಪ್ತಸಮಾಲೋಚನೆಯೆಂದರೆ ಎದುರುಬದುರು ಕುಳಿತು, ಕಣ್ಣಲ್ಲಿ ಕಣ್ಣಿಟ್ಟು, “ಈಗ ನಿಮಗೆ ಏನನ್ನಿಸುತ್ತಿದೆ?” ಎಂದು ಮೃದುವಾಗಿ ಕೇಳುವುದು ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಆಟಿಸಂ ಉಳ್ಳ ಅನೇಕರಿಗೆ ಈ ಮೂರೂ ಕಷ್ಟದವು. ಕಣ್ಣಿಗೆ ಕಣ್ಣು ಸೇರಿಸಬೇಕಾದಾಗ ಕಿವಿಗೆ ಮಾತು ಬೀಳುವುದಿಲ್ಲವೆಂದು ಹಲವರು ಹೇಳುತ್ತಾರೆ. ಟ್ಯೂಬ್‌ಲೈಟಿನ ಸಣ್ಣ ಝೇಂಕಾರ, ಗೋಡೆ ಗಡಿಯಾರದ ಟಿಕ್‌ಟಿಕ್, ಪಕ್ಕದ ಮನೆಯ ಒಗ್ಗರಣೆಯ ವಾಸನೆ, ಇವೆಲ್ಲ ನಮ್ಮ ಗಮನಕ್ಕೇ ಬಾರದೆ ಹೋಗಬಹುದು. ಅವರಿಗೆ ಅವು ಎಲ್ಲವೂ ಏಕಕಾಲಕ್ಕೆ, ಒಂದೇ ಎತ್ತರದಲ್ಲಿ ಬಂದು ಬಡಿಯುತ್ತವೆ. ಮೂರನೆಯದಾದ “ಏನನ್ನಿಸುತ್ತಿದೆ” ಎಂಬ ಪ್ರಶ್ನೆ ಇನ್ನೂ ಗಹನವಾದುದು. ತನ್ನೊಳಗಿನ ಭಾವ ಯಾವುದೆಂದು ಗುರುತಿಸಿ ಹೆಸರಿಸುವುದೇ ಕಷ್ಟವಾಗುವ ಸ್ಥಿತಿಯನ್ನು ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಉಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಇದೆಯೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. ಭಾವವೇ ಇಲ್ಲವೆಂದು ಇದರರ್ಥವಲ್ಲ. ಹೊಟ್ಟೆ ಹಿಂಡುತ್ತಿರುತ್ತದೆ, ಎದೆ ಬಡಿದುಕೊಳ್ಳುತ್ತಿರುತ್ತದೆ. ಅದು ಹಸಿವೋ ಭಯವೋ ಸಿಟ್ಟೋ ಎಂದು ಹೇಳಲು ಮಾತ್ರ ಆಗುವುದಿಲ್ಲ. ಅಂಥವರನ್ನು ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಪರೀಕ್ಷೆಯಲ್ಲಿ ಉತ್ತರ ಬಾರದ ವಿದ್ಯಾರ್ಥಿಯ ಅವಸ್ಥೆ ಅವರದಾಗುತ್ತದೆ.

ಆದ್ದರಿಂದ ಬಲ್ಲ ಚಿಕಿತ್ಸಕರು ಕೊಠಡಿಯಿಂದಲೇ ಆರಂಭಿಸುತ್ತಾರೆ. ದೀಪದ ಬೆಳಕನ್ನು ತಗ್ಗಿಸುತ್ತಾರೆ, ಗಡಿಯಾರವನ್ನು ಹೊರಗಿಡುತ್ತಾರೆ. ಎಲ್ಲಿ ಕುಳಿತುಕೊಳ್ಳುವಿರಿ ಎಂದು ಕೇಳುತ್ತಾರೆ. ನೆಲದ ಮೇಲೆ ಎಂದರೆ ನೆಲದ ಮೇಲೆ. ಕೈ ಆಡಿಸುವುದನ್ನೂ ತೂಗಾಡುವುದನ್ನೂ ತಡೆಯುವುದಿಲ್ಲ, ಏಕೆಂದರೆ ಅದು ಶಮನದ ದಾರಿ. ಇಂದು ಏನೇನು ಮಾತನಾಡಲಿದ್ದೇವೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಾರೆ. ಭಾವವನ್ನು ಕೇಳುವ ಬದಲು ದೇಹವನ್ನು ಕೇಳುತ್ತಾರೆ: ಬಿಗಿತ ಎಲ್ಲಿದೆ, ಒಂದರಿಂದ ಹತ್ತರವರೆಗೆ ಎಷ್ಟು? ಮಾತಿಗಿಂತ ಬರಹ ಸುಲಭವೆನ್ನುವವರಿಗೆ ಬರೆಯಲು ಬಿಡುತ್ತಾರೆ. ಇವು ಯಾರೋ ಒಬ್ಬರ ವೈಯಕ್ತಿಕ ಔದಾರ್ಯವಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ಆಟಿಸಂ ಉಳ್ಳ ವಯಸ್ಕರಿಗಾಗಿ 2012ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಸಮಾಲೋಚನೆಯನ್ನು ಹೆಚ್ಚು ಸ್ಪಷ್ಟವಾಗಿ, ಬರಹ ಮತ್ತು ಚಿತ್ರಗಳ ನೆರವಿನಿಂದ, ನಡುನಡುವೆ ಬಿಡುವು ಕೊಟ್ಟು, ರೂಪಕಗಳನ್ನು ಕಡಿಮೆ ಮಾಡಿ ನಡೆಸಬೇಕೆಂದು ಹೇಳಿದೆ. ವ್ಯಕ್ತಿಗೆ ವಿಶೇಷ ಆಸಕ್ತಿಯಿರುವ ವಿಷಯವನ್ನೇ ಸೇತುವೆಯಾಗಿ ಬಳಸಿಕೊಳ್ಳುವಂತೆಯೂ ಸೂಚಿಸಿದೆ. ನಮ್ಮ ಪರಿಚಯದ ಬಾಲಕನ ಆಸಕ್ತಿ ಲೋಕಲ್ ರೈಲಿನ ವೇಳಾಪಟ್ಟಿ. ಮನೆಯವರು ಅದನ್ನು ಹುಚ್ಚೆಂದು ಬಚ್ಚಿಡುತ್ತಿದ್ದರು. ಚಿಕಿತ್ಸಕಿ ಅದನ್ನು ಮೇಜಿನ ಮೇಲೆ ಹರಡಿ, ಸ್ಲೋ ಗಾಡಿ ಯಾವಾಗ, ಫಾಸ್ಟ್ ಗಾಡಿ ಯಾವಾಗ ಎಂದು ಅವನ ದಿನದ ಸುಸ್ತನ್ನೂ ಉಲ್ಲಾಸವನ್ನೂ ಗುರುತಿಸಲು ಕಲಿಸಿದರಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆಟಿಸಂ ಉಳ್ಳವರಿಗೆ ಪರರ ಮನಸ್ಸು ತಿಳಿಯದು, ಅವರಲ್ಲಿ ಸಹಾನುಭೂತಿಯ ಕೊರತೆಯಿದೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲ ಇತ್ತು. ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞರು, ಸ್ವತಃ ಆಟಿಸಂ ಉಳ್ಳವರು, 2012ರಲ್ಲಿ ಈ ಮಾತನ್ನು ಪ್ರಶ್ನಿಸಿದರು. ಅರ್ಥವಾಗದಿರುವುದು ಎರಡೂ ಕಡೆ ಇದೆಯಲ್ಲವೇ? ಅವರಿಗೆ ನಾವು ಅರ್ಥವಾಗದಿದ್ದರೆ ಅದು ರೋಗಲಕ್ಷಣ, ನಮಗೆ ಅವರು ಅರ್ಥವಾಗದಿದ್ದರೆ ಅದು ಏನೂ ಅಲ್ಲ ಎಂಬುದು ಯಾವ ನ್ಯಾಯ? ಈ ಇಬ್ಬದಿಯ ಸಹಾನುಭೂತಿಯ ತೊಡಕನ್ನು ಪರೀಕ್ಷಿಸಲು 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಒಬ್ಬರ ಕಿವಿಯಿಂದ ಇನ್ನೊಬ್ಬರಿಗೆ ಕಥೆ ದಾಟಿಸುವ ಮಕ್ಕಳ ಆಟದ ಮಾದರಿಯದು. ಆಟಿಸಂ ಉಳ್ಳವರೇ ಇದ್ದ ಸರಣಿಯಲ್ಲಿ ಕಥೆ ಇತರರ ಸರಣಿಯಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸರಣಿಯಲ್ಲಿ ಹೆಚ್ಚು ಸೋರಿತು. ಹೆಚ್ಚು ಜನರನ್ನಿಟ್ಟುಕೊಂಡು ನಡೆಸಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆರೆತ ಸರಣಿಯ ಆ ಸೋರಿಕೆ ಕಂಡುಬರಲಿಲ್ಲ ಎಂಬುದನ್ನೂ ಹೇಳಬೇಕು. ಆಟಿಸಂ ಉಳ್ಳವರು ಮಾತು ದಾಟಿಸಲು ಅಸಮರ್ಥರು ಎಂಬ ಭಾವನೆಗೆ ಎರಡು ಪ್ರಯೋಗಗಳಲ್ಲಿಯೂ ಆಧಾರ ಸಿಗಲಿಲ್ಲ. ಪರನಾಡಿನಲ್ಲಿ ನೆಲಸಿರುವ ನಮಗೆ ಮಿಲ್ಟನ್ ಅವರ ವಾದ ಹೊಸದಾಗಿ ತೋರಬಾರದು. ಮುಂಬಯಿಗೆ ಬಂದ ಮೊದಲ ವರ್ಷ ನಮ್ಮ ತೊದಲು ಮರಾಠಿಯನ್ನು ಕೇಳಿ ನಕ್ಕವರು, ಅವರಿಗೆ ಕನ್ನಡ ಬಾರದಿರುವುದನ್ನು ಎಂದೂ ಕೊರತೆಯೆಂದು ಎಣಿಸಿರಲಿಲ್ಲ.

ಭಾಷೆಯ ಮಾತು ಬಂದುದರಿಂದ, ನಮ್ಮ ಓದುಗರಿಗೆ ಎಲ್ಲಕ್ಕಿಂತ ಮುಖ್ಯವೆಂದು ನಾವು ಭಾವಿಸುವ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಮಗುವಿಗೆ ಮಾತು ತಡವಾದಾಗ ಮಹಾನಗರದ ಕನ್ನಡ ಕುಟುಂಬಕ್ಕೆ ಸಿಗುವ ಮೊದಲ ಸಲಹೆ, “ಮನೆಯಲ್ಲಿ ಕನ್ನಡ ನಿಲ್ಲಿಸಿ, ಶಾಲೆಯ ಭಾಷೆಯೊಂದನ್ನೇ ಆಡಿ. ಎರಡು ಮೂರು ಭಾಷೆಗಳಿಂದ ಮಗು ಗೊಂದಲಗೊಂಡಿದೆ” ಎಂಬುದು. ನೆರೆಹೊರೆಯವರು ಹೇಳುತ್ತಾರೆ, ಶಾಲೆಯವರು ಹೇಳುತ್ತಾರೆ, ಕೆಲವೊಮ್ಮೆ ವೃತ್ತಿನಿರತರೂ ಹೇಳುತ್ತಾರೆ. ಇದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಕೆನಡಾದ ಮಾಂಟ್ರಿಯಲ್ಲಿನಲ್ಲಿ ಆಟಿಸಂ ಉಳ್ಳ ಮಕ್ಕಳನ್ನು ಪರಿಶೀಲಿಸಿ 2012ರಲ್ಲಿ ಹ್ಯಾಂಬ್ಲಿ ಮತ್ತು ಫೊಂಬೋನ್ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ಹೆಚ್ಚಿನ ವಿಳಂಬವನ್ನೇನೂ ಅನುಭವಿಸಿರಲಿಲ್ಲ. ಅನಂತರದ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿವೆ.

ಕನ್ನಡ ನಿಲ್ಲಿಸಿದಾಗ ಆಗುವ ನಷ್ಟವನ್ನು ಮಾತ್ರ ನಾವು ಕಣ್ಣಾರೆ ಕಂಡಿದ್ದೇವೆ. ತಾಯಿಗೆ ಇಂಗ್ಲಿಷ್ ಬರುವುದು ವ್ಯವಹಾರದಷ್ಟು. ಲಾಲಿ ಹಾಡಲು, ರೇಗಿಸಲು, ಮುದ್ದು ಮಾಡಲು ಅವಳಿಗೆ ಆ ಭಾಷೆಯಲ್ಲಿ ಪದವಿಲ್ಲ. ಮಗುವಿನೊಡನೆ ಆಡುವ ಮಾತು “ಸಿಟ್, ಈಟ್, ಕಮ್” ಎಂಬ ಆಜ್ಞೆಗಳಿಗೆ ಇಳಿಯುತ್ತದೆ. ಧಾರವಾಡದಿಂದಲೋ ಉಡುಪಿಯಿಂದಲೋ ಬಂದ ಅಜ್ಜಿ ಮೊಮ್ಮಗನ ಮುಂದೆ ಮೂಕಿಯಾಗುತ್ತಾಳೆ. ಮಾತಿಗೆ ಮೊದಲೇ ಕಷ್ಟಪಡುತ್ತಿರುವ ಮಗುವಿನ ಸುತ್ತ ಇದ್ದ ಮಾತೂ ಕಡಿಮೆಯಾಗುತ್ತದೆ. ಕರುಣೆಯುಳ್ಳ ಚಿಕಿತ್ಸಕರು ಮನೆಯ ಭಾಷೆಯನ್ನು ಮೊದಲು ವಿಚಾರಿಸುತ್ತಾರೆ, ಅದನ್ನು ಉಳಿಸಿಕೊಳ್ಳಲು ಹೇಳುತ್ತಾರೆ. ಕನ್ನಡ ಬಲ್ಲ ವಾಕ್ ಚಿಕಿತ್ಸಕರು ನಮ್ಮ ಊರುಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲವೆಂಬುದು ನಿಜ. ಆದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದವು. ಡಾ. ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್ ಡೀಲ್ ಕಾರ್ಯಕ್ರಮ, ಮಾತು ತಡವಾದ ಪುಟ್ಟ ಮಕ್ಕಳಿಗೆಂದೇ ರೂಪಿಸಿದ್ದು. ಊರಿಗೆ ರಜೆಯಲ್ಲಿ ಹೋದಾಗ ದೇವಸ್ಥಾನ, ಮದುವೆಮನೆಗಳ ನಡುವೆ ಒಂದು ದಿನವನ್ನು ಇದಕ್ಕೂ ತೆಗೆದಿಡಬಹುದು.

ಅಜ್ಜಿಯರ ಬಗ್ಗೆ ಒಂದು ಮಾತು. “ಇವನಪ್ಪನೂ ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲ, ಈಗ ನೋಡು, ಎಂಜಿನಿಯರು” ಎಂದು ಅವರು ಹೇಳುವುದನ್ನು ನಿರಾಕರಣೆಯೆಂದು ತಳ್ಳಿಹಾಕುವುದು ರೂಢಿ. ಕಾಯುತ್ತ ಕೂತು ಕಾಲ ಕಳೆಯುವುದು ತಪ್ಪೇ. ಆದರೆ ನರವೈವಿಧ್ಯ ಬಹುಮಟ್ಟಿಗೆ ವಂಶವಾಹಿನಿಯಲ್ಲಿ ಹರಿದು ಬರುವಂಥದು. ಅಜ್ಜಿ ತನಗರಿವಿಲ್ಲದೆಯೇ ಕುಟುಂಬದ ಚರಿತ್ರೆಯನ್ನು ಹೇಳುತ್ತಿರಬಹುದು. ಮಗನ ತಪಾಸಣೆಗೆಂದು ಹೋಗಿ, ಪ್ರಶ್ನಾವಳಿ ತುಂಬುತ್ತ, ಇದು ನನ್ನದೇ ಕಥೆಯಲ್ಲವೇ ಎಂದು ಮೌನವಾದ ತಂದೆಯರು ಅನೇಕರಿದ್ದಾರೆ.

ಅಂಥ ವಯಸ್ಕರ ಪಾಡು ಬೇರೆಯೇ. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಕೆಲಸದಲ್ಲಿರುವ, ಜಾಣೆಯೆಂದು ಹೆಸರಾದ ಮೂವತ್ತೈದರ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ಸಭೆಯಲ್ಲಿ ಯಾವಾಗ ನಗಬೇಕು, ಎಷ್ಟು ಹೊತ್ತು ಕಣ್ಣು ನೋಡಬೇಕು ಎಂಬುದನ್ನು ಇತರರನ್ನು ನೋಡಿ ಕಂಠಪಾಠ ಮಾಡಿಕೊಂಡಿದ್ದಾಳೆ. ಸಂಜೆ ಮನೆಗೆ ಬಂದರೆ ದೀಪವಾರಿಸಿ ಮಲಗುವುದಷ್ಟೇ ಸಾಧ್ಯ. ಅತ್ತೆಮನೆಯವರ ದೃಷ್ಟಿಯಲ್ಲಿ ಅವಳು ಬಿಗುಮಾನದವಳು. ಈ ಬಗೆಯ ಮುಖವಾಡವನ್ನು ಮಾಸ್ಕಿಂಗ್ ಎನ್ನುತ್ತಾರೆ. ಅದನ್ನು ವರ್ಷಗಟ್ಟಲೆ ಹೊತ್ತವರು ಒಂದು ದಿನ ಮಾತು, ಕೆಲಸ, ಅಡುಗೆ ಎಲ್ಲವನ್ನೂ ಮಾಡಲಾರದೆ ಕುಸಿಯುವುದುಂಟು. ಆಟಿಸಂ ಉಳ್ಳ ವಯಸ್ಕರಲ್ಲಿ ಈ ಮುಚ್ಚಿಕೊಳ್ಳುವಿಕೆಗೂ ಆತ್ಮಹತ್ಯೆಯ ಆಲೋಚನೆಗೂ ಸಂಬಂಧವಿದೆಯೆಂದು 2018ರಲ್ಲಿ ಸಾರಾ ಕ್ಯಾಸಿಡಿ ಮತ್ತು ಸಂಗಡಿಗರು ತೋರಿಸಿದ್ದರಿಂದ ಇದು ಬರಿಯ ಸಂಕೋಚದ ವಿಷಯವಾಗಿ ಉಳಿದಿಲ್ಲ. ಇಂಥವರಿಗೆ ಇನ್ನಷ್ಟು ಚೆನ್ನಾಗಿ ಬೆರೆಯುವುದನ್ನು ಕಲಿಸಹೊರಡುವ ಚಿಕಿತ್ಸೆ ಭಾರವನ್ನು ಹೆಚ್ಚಿಸುತ್ತದೆ. ಯಾರ ಮುಂದೆ ಮುಖವಾಡ ತೆಗೆಯಬಹುದು, ಎಲ್ಲಿ ಸದ್ಯಕ್ಕೆ ಇರಲಿ ಎಂದು ಜೊತೆಯಲ್ಲಿ ಕುಳಿತು ಯೋಚಿಸುವವರು ಬೇಕು. ಸಂಕಟ ತೀವ್ರವಾದಾಗ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಮಾತನಾಡುವವರಿದ್ದಾರೆ.

ಇದುವರೆಗೆ ನೆರವು ಪಡೆಯುವವರ ಮಾತಾಯಿತು. ನೆರವು ಕೊಡುವವರ ವಿಚಾರವನ್ನು ನಮ್ಮ ಸಮಾಜ ಕೇಳುವುದೇ ಅಪರೂಪ. ವಿಶೇಷ ಶಿಕ್ಷಕಿಯರು, ದಾದಿಯರು, ವಾಕ್ ಚಿಕಿತ್ಸಕರು, ಶಾಲೆಗಳ ಸಮಾಲೋಚಕರು, ಹೀಗೆ ಈ ಕ್ಷೇತ್ರಗಳಲ್ಲಿ ನಮ್ಮ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳೇ ಎಷ್ಟೋ ಮಂದಿ ದುಡಿಯುತ್ತಿದ್ದಾರೆ. “ಎಷ್ಟು ಪುಣ್ಯದ ಕೆಲಸ!” ಎಂದು ನಾವು ಹೇಳಿ ಮುಗಿಸುತ್ತೇವೆ. ಪುಣ್ಯದ ಕೆಲಸ ಎಂದೊಡನೆ ಅದರಲ್ಲಿ ದಣಿವಿದೆಯೆಂದು ಹೇಳುವ ಹಕ್ಕು ಅವರಿಗೆ ತಪ್ಪಿಹೋಗುತ್ತದೆ.

ಬರ್ನ್‌ಔಟ್ ಎಂಬ ಈಗ ಎಲ್ಲರ ಬಾಯಲ್ಲಿರುವ ಪದವನ್ನು 1974ರಲ್ಲಿ ವೈದ್ಯಕೀಯ ಅರ್ಥದಲ್ಲಿ ಬಳಕೆಗೆ ತಂದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು ಅದನ್ನು ಕಂಡದ್ದು ಕಂಪೆನಿಯ ಕಚೇರಿಯಲ್ಲಲ್ಲ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದ ಸ್ವಯಂಸೇವಕರಲ್ಲಿ, ಮತ್ತು ತಮ್ಮಲ್ಲಿಯೇ. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಅವರು ಸಂಪಾದಿಸಿದ ಗ್ರಂಥದಿಂದ ‘ಕರುಣೆಯ ದಣಿವು’ ಎಂಬರ್ಥದ ಇನ್ನೊಂದು ಮಾತು ಪ್ರಸಿದ್ಧವಾಯಿತು. ದಿನವೂ ಪರರ ನೋವನ್ನು ಕೇಳುವವರ ಒಳಗೆ ಆ ನೋವು ಸಂಗ್ರಹವಾಗುತ್ತ ಹೋಗಿ, ಕಡೆಗೆ ಏನನ್ನು ಕೇಳಿದರೂ ಏನೂ ಅನ್ನಿಸದ ಸ್ಥಿತಿ ಬರುವುದಕ್ಕೆ ಈ ಹೆಸರು.

ಆದರೆ ದಣಿಯುವುದು ನಿಜವಾಗಿ ಕರುಣೆಯೇ? ತಾನ್ಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರು ನಡೆಸಿದ, 2013–14ರಲ್ಲಿ ಪ್ರಕಟವಾದ ಅಧ್ಯಯನಗಳು ಇದಕ್ಕೆ ಕುತೂಹಲಕರವಾದ ಉತ್ತರ ನೀಡಿವೆ. ಪರರ ನೋವನ್ನು ತನ್ನದಾಗಿಯೇ ಅನುಭವಿಸುವ ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಿತು. ಅದೇ ಜನರಿಗೆ ಅನಂತರ ಮೈತ್ರಿಭಾವನೆಯ, ಅಂದರೆ ನೊಂದವರ ಒಳಿತನ್ನು ಹಾರೈಸುವ ಧ್ಯಾನವನ್ನು ಕಲಿಸಿದಾಗ ಆ ಸಂಕಟ ತಗ್ಗಿ ಪ್ರಸನ್ನತೆ ಮರಳಿತು. ಮಿದುಳಿನ ಚಿತ್ರಗಳಲ್ಲಿಯೂ ಎರಡರ ಜಾಲಗಳು ಬೇರೆ ಬೇರೆಯಾಗಿ ಕಂಡವು. ಬೌದ್ಧ ಪರಂಪರೆಯಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನು ಒಟ್ಟಿಗೆ ಹೇಳಿರುವುದು ಇಲ್ಲಿ ನೆನಪಾಗುತ್ತದೆ. ಉಪೇಕ್ಷೆಯೆಂದರೆ ನಾವಿಂದು ಬಳಸುವ ಕಡೆಗಣಿಸುವಿಕೆಯ ಅರ್ಥದಲ್ಲಲ್ಲ, ಸಮಚಿತ್ತದ ಅರ್ಥದಲ್ಲಿ. ಬಾವಿಗೆ ಬಿದ್ದವನನ್ನು ಎತ್ತಬೇಕಾದವರು ದಂಡೆಯ ಮೇಲೆ ಕಾಲೂರಿ ನಿಂತಿರಬೇಕು, ತಾವೂ ಧುಮುಕಿದರೆ ಇಬ್ಬರಿಗೂ ಪ್ರಯೋಜನವಿಲ್ಲ.

ಹೀಗೆ ಕಾಲೂರಿ ನಿಲ್ಲುವುದಕ್ಕೆ ಧ್ಯಾನವೊಂದೇ ಸಾಲದು. ದಿನಕ್ಕೆ ಹನ್ನೆರಡು ಮಕ್ಕಳನ್ನು ನೋಡಬೇಕೆಂದು ಸಂಸ್ಥೆ ಕಟ್ಟಳೆ ಮಾಡಿದ್ದರೆ ಯಾವ ಮೈತ್ರಿಭಾವನೆಯೂ ಆ ಶಿಕ್ಷಕಿಯನ್ನು ಕಾಯಲಾರದು. ದಣಿವು ಅವಳ ದೌರ್ಬಲ್ಯವೆಂದು ಹೇಳಿ ಉಸಿರಾಟದ ವ್ಯಾಯಾಮ ಕಲಿಸುವ ಆಡಳಿತ ಮಂಡಳಿಗಳ ಬಗ್ಗೆ ನಮಗೆ ಅಷ್ಟೇನೂ ಗೌರವವಿಲ್ಲ. ಅನುಭವಿ ಹಿರಿಯರೊಬ್ಬರ ಮುಂದೆ ನಿಯತವಾಗಿ ಕುಳಿತು ತನ್ನ ಕೆಲಸವನ್ನೂ ತಪ್ಪುಗಳನ್ನೂ ನಾಚಿಕೆಯಿಲ್ಲದೆ ಹೇಳಿಕೊಳ್ಳುವ, ಸೂಪರ್‌ವಿಷನ್ ಎಂಬ ಪದ್ಧತಿಯಿದೆ. ಒಳ್ಳೆಯ ಚಿಕಿತ್ಸಕರು ಅದನ್ನು ತಪ್ಪಿಸುವುದಿಲ್ಲ. ಸ್ವತಃ ನರವೈವಿಧ್ಯವುಳ್ಳ ಚಿಕಿತ್ಸಕರೂ ಇದ್ದಾರೆ. ತಮ್ಮಂಥವರನ್ನು ಬೇಗ ಅರಿಯುವ ಅವರಿಗೆ ಮಾಸ್ಕಿಂಗಿನ ದಣಿವೂ ವೃತ್ತಿಯ ದಣಿವೂ ಒಟ್ಟಿಗೆ ಬರುವುದರಿಂದ ಈ ಆಸರೆ ಇನ್ನೂ ಅಗತ್ಯ.

ತಂದೆತಾಯಿಯರೂ ನೆರವು ನೀಡುವವರೇ ಅಲ್ಲವೇ? ಅವರಿಗೆ ರಜೆಯಿಲ್ಲ, ನಿವೃತ್ತಿಯೂ ಇಲ್ಲ. ಸ್ವಕರುಣೆ, ಅಂದರೆ ಗೆಳತಿಯೊಬ್ಬಳು ಎಡವಿದಾಗ ತೋರುವ ಮೃದುತ್ವವನ್ನು ತನ್ನ ಮೇಲೂ ತೋರಿಕೊಳ್ಳುವುದು, ಎಂಬುದನ್ನು 2003ರಿಂದ ಅಳತೆಗೆ ತಂದು ಅಧ್ಯಯನ ಮಾಡಿದವರು ಟೆಕ್ಸಸ್ ವಿಶ್ವವಿದ್ಯಾನಿಲಯದ ಕ್ರಿಸ್ಟಿನ್ ನೆಫ್. ಅವರ ಮಗನಿಗೂ ಆಟಿಸಂ ಇದೆ. ಆಟಿಸಂ ಉಳ್ಳ ಮಕ್ಕಳ ಪೋಷಕರನ್ನು ಕುರಿತು ಅವರು ಸಹೋದ್ಯೋಗಿಯೊಡನೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೋಷಕರ ನೆಮ್ಮದಿಯನ್ನು ಮಗುವಿನ ಲಕ್ಷಣಗಳ ತೀವ್ರತೆಗಿಂತ ಹೆಚ್ಚಾಗಿ ಅವರ ಸ್ವಕರುಣೆಯೇ ಸೂಚಿಸುತ್ತಿತ್ತು. ನಮ್ಮ ದೇಶದಲ್ಲಿ ಇದೇ ಅರಿವನ್ನು ಬೇರೊಂದು ದಾರಿಯಿಂದ ತಲುಪಿದವರು ದೆಹಲಿಯ ಮೆರಿ ಬರುವಾ. ಮಗನಿಗೆ ಆಟಿಸಂ ಇದ್ದಾಗ ಎಲ್ಲಿಯೂ ದಾರಿ ಕಾಣದೆ, 1990ರ ದಶಕದ ಮೊದಲ ವರ್ಷಗಳಲ್ಲಿ ಪೋಷಕರ ಬಳಗವಾಗಿ ಅವರು ಆರಂಭಿಸಿದ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಹನ್ನೆರಡು ವಾರಗಳ ತರಬೇತಿಯೊಂದನ್ನು ನಡೆಸುತ್ತ ಬಂದಿದೆ. ಅಲ್ಲಿ ಮಗುವನ್ನು ಬಿಟ್ಟುಹೋಗುವಂತಿಲ್ಲ. ತಾಯಿಯೋ ತಂದೆಯೋ ಮಗುವಿನೊಡನೆ ಕುಳಿತು ಕಲಿಯಬೇಕು. ತನ್ನಂಥವರು ಇತರರೂ ಇದ್ದಾರೆಂಬ ಅರಿವೇ ಅಲ್ಲಿ ಅರ್ಧ ಔಷಧ.

ಕಾನೂನಿನ ವಿಷಯ ಸಂಕ್ಷೇಪವಾಗಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಒಳಗೊಂಡಿತು. 2016ರ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಇವೆ, ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮೊದಲಾದ ರಿಯಾಯಿತಿಗಳಿಗೆ ಪ್ರಮಾಣಪತ್ರ ಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಪ್ರಮಾಣಪತ್ರವನ್ನೇ ಮಾಡಿಸದ ಕುಟುಂಬಗಳು ನಮ್ಮಲ್ಲಿವೆ. ಅವರನ್ನು ದೂರುವಷ್ಟು ನಿರ್ಮಲರು ನಾವಲ್ಲ, ಏಕೆಂದರೆ ಆ ಭಯವನ್ನು ಹುಟ್ಟಿಸಿದ ಸಮಾಜದಲ್ಲಿ ನಮ್ಮ ಸಂಘವೂ ಸೇರಿದೆ. ಚಿಕಿತ್ಸಕರನ್ನು ಆರಿಸುವಾಗ ಅವರ ವಿದ್ಯಾರ್ಹತೆ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಗಳನ್ನು ಕೇಳಲು ಸಂಕೋಚ ಬೇಡ. ಪೂರ್ತಿ ಗುಣಪಡಿಸುತ್ತೇವೆಂದು ಭರವಸೆ ಕೊಟ್ಟು ಮುಂಗಡ ಕೇಳುವವರಿಂದ ದೂರವಿರಿ.

ಆ ತಾಯಿಯನ್ನು, ಸಂಘದಿಂದ ಏನಾಗಬೇಕು ಎಂದು ನಾವು ಕೇಳಿದೆವು. ದೊಡ್ಡ ಬೇಡಿಕೆಯನ್ನೇನೂ ಇಡಲಿಲ್ಲ. ಧ್ವನಿ ಏರಿಸುವ ಮೊದಲು ಒಮ್ಮೆ ಹೇಳಿ, ಕೂರಲು ಒಂದು ಶಾಂತ ಕೋಣೆ ಕೊಡಿ, ಕಾರ್ಯಕ್ರಮದ ಪಟ್ಟಿಯನ್ನು ಮುಂಚೆ ಕಳುಹಿಸಿ ಎಂದರು. ವೇದಿಕೆಯ ಹಿಂದೆ ಹಳೆಯ ಪರದೆಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಈಗ ತೆರವು ಮಾಡಿದ್ದೇವೆ. ಅಲ್ಲಿ ಫ್ಯಾನ್ ಇದೆ, ಚಾಪೆ ಇದೆ, ಧ್ವನಿವರ್ಧಕವಿಲ್ಲ. ಬಳಸುವವರು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಕಳೆದ ಸಲ ಅಲ್ಲಿ ಎರಡು ಮಕ್ಕಳೂ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯೂ ಕುಳಿತಿದ್ದರು. ಪಟ್ಟಿಯನ್ನು ಎರಡು ದಿನ ಮೊದಲೇ ಕಳುಹಿಸುತ್ತೇವೆ. ಹುಡುಗ ಅದನ್ನು ಮುದ್ರಿಸಿಕೊಂಡು ಬರುತ್ತಾನೆ. ರೈಲಿನ ವೇಳಾಪಟ್ಟಿಯಂತೆಯೇ, ಪ್ರತಿಯೊಂದು ಭಾಷಣವೂ ಎಷ್ಟು ನಿಮಿಷ ತಡವಾಗಿ ಮುಗಿಯಿತೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ನಮ್ಮ ಅಧ್ಯಕ್ಷರದು ಹತ್ತೊಂಬತ್ತು ನಿಮಿಷ.